ಕೋಳಿಗೂಡಿನ ಆಸ್ಪತ್ರೆಗೆ ಬಂದ ಅತಿಥಿಗಳು

ಕಳೆದ ವರ್ಷ ನಮ್ಮ ಕಾಲೇಜಿನಿಂದ ನಲವತ್ತು ಜನ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಏಳು ದಿನಗಳ ಸೇವಾ ಶಿಬಿರಕ್ಕೆ ಹೋಗಿದ್ದೆವು. ಶಾಲೆಯ ಗೋಡೆಗೆ ಬಣ್ಣ ಬಳಿದೆವು. ಅದರ ಮೇಲೆ ಅಕ್ಷರಮಾಲೆ, ಹಣ್ಣುಗಳ ಚಿತ್ರ, ದೊಡ್ಡದೊಂದು ಭಾರತದ ನಕ್ಷೆ ಬರೆದೆವು. ನಕ್ಷೆಯ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡೆವು. ಕೊನೆಯ ದಿನ ಭಾಷಣ, ಚಪ್ಪಾಳೆ, ಸರ್ಟಿಫಿಕೇಟ್ ಎಲ್ಲವೂ ಆಯಿತು. ಆ ಸರ್ಟಿಫಿಕೇಟ್ ಈಗ ನನ್ನ ರೆಸ್ಯೂಮೆಯಲ್ಲಿ ಒಂದು ಸಾಲಾಗಿ ಕೂತಿದೆ.

ಮಳೆಗಾಲ ಮುಗಿದ ಮೇಲೆ ಅದೇ ದಾರಿಯಲ್ಲಿ ಬೈಕಿನಲ್ಲಿ ಹೋಗುವಾಗ ಶಾಲೆಯ ಕಡೆ ತಿರುಗಿದೆ. ನಕ್ಷೆಯಲ್ಲಿ ದಕ್ಷಿಣ ಭಾರತ ಪೂರ್ತಿ ಉದುರಿಹೋಗಿತ್ತು. ತಾರಸಿಯಿಂದ ಇಳಿದ ನೀರು ಗೋಡೆಯೊಳಗೆ ಸೇರಿ ಬಣ್ಣವನ್ನು ಹೊಪ್ಪಳಿಕೆಯಂತೆ ಎಬ್ಬಿಸಿತ್ತು. ನಾನು ಸಿವಿಲ್ ವಿಭಾಗದ ಮೂರನೇ ವರ್ಷದ ವಿದ್ಯಾರ್ಥಿ. ಒದ್ದೆ ಗೋಡೆಗೆ ಬಣ್ಣ ನಿಲ್ಲುವುದಿಲ್ಲ ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. ಆದರೆ ಶಿಬಿರದ ಏಳು ದಿನಗಳಲ್ಲಿ ನಮ್ಮಲ್ಲಿ ಒಬ್ಬರೂ ಏಣಿ ಇಟ್ಟು ತಾರಸಿ ಹತ್ತಿ ನೋಡಿರಲಿಲ್ಲ.

ಆಗ ಬೇರೆ ಸಂಗತಿಗಳೂ ನೆನಪಾದವು. ನಮಗೆ ಮಲಗಲು ಎರಡು ಕೊಠಡಿ ಬಿಟ್ಟುಕೊಟ್ಟಿದ್ದರಿಂದ ಮಕ್ಕಳು ವಾರವಿಡೀ ಹೊಂಗೆ ಮರದ ಕೆಳಗೆ ಕೂತಿದ್ದರು. ಬಿಸಿಯೂಟದ ಅಕ್ಕ ಬೆಳಿಗ್ಗೆ ಐದಕ್ಕೆ ಬಂದು ನಲವತ್ತು ಜನರಿಗೆ ಉಪ್ಪಿಟ್ಟು ಮಾಡುತ್ತಿದ್ದರು. ಶಾಲೆಯ ನೀರಿನ ಟ್ಯಾಂಕು ನಮ್ಮ ಸ್ನಾನಕ್ಕೇ ಬರಿದಾಗುತ್ತಿತ್ತು. ಹೆಡ್ ಮೇಷ್ಟ್ರು ಎಲ್ಲವನ್ನೂ ನಗುತ್ತಲೇ ಹೊಂದಿಸಿದ್ದರು. ನಾವು ಸೇವೆ ಮಾಡಲು ಹೋಗಿದ್ದೆವೋ, ಮಾಡಿಸಿಕೊಳ್ಳಲು ಹೋಗಿದ್ದೆವೋ?

ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದಾಗಲೇ ಲೈಬ್ರರಿಯಲ್ಲಿ ಆಲ್ಬರ್ಟ್ ಶ್ವೈಟ್ಜರ್ ಅವರ ಜೀವನಚರಿತ್ರೆ ಸಿಕ್ಕಿತು. ಹೆಸರು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದಿದ್ದೆ. ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು, ಆಫ್ರಿಕಾದಲ್ಲಿ ಆಸ್ಪತ್ರೆ ಕಟ್ಟಿದವರು, ಅಷ್ಟೇ ಗೊತ್ತಿದ್ದದ್ದು. ಓದುತ್ತಾ ಹೋದಂತೆ ನನಗೆ ಹಿಡಿಸಿದ್ದು ಅವರ ತ್ಯಾಗಕ್ಕಿಂತ ಇನ್ನೊಂದು ಸಂಗತಿ. ಅವರು ಮೊದಲು ಪರದೇಶದಲ್ಲಿ ಅತಿಥಿಯಾಗಿದ್ದರು. ಆಮೇಲೆ ಅರ್ಧ ಶತಮಾನ ತಮ್ಮಂತೆಯೇ ಸೇವೆಗೆಂದು ಹುಡುಕಿಕೊಂಡು ಬಂದವರಿಗೆ ಆತಿಥೇಯರಾಗಿದ್ದರು. ಎರಡೂ ಎಷ್ಟು ಕಷ್ಟ ಎಂಬುದು ಅವರ ಬದುಕಿನಲ್ಲಿದೆ.

ಮೂವತ್ತರವರೆಗೆ ನನಗಾಗಿ

ಶ್ವೈಟ್ಜರ್ ಹುಟ್ಟಿದ್ದು 1875ರ ಜನವರಿ 14ರಂದು, ಅಲ್ಸೇಸ್ ಪ್ರಾಂತ್ಯದ ಕೈಸರ್ಸ್‌ಬರ್ಗ್ ಎಂಬ ಊರಿನಲ್ಲಿ. ಈಗ ಅದು ಫ್ರಾನ್ಸ್‌ನಲ್ಲಿದೆ, ಆಗ ಜರ್ಮನಿಗೆ ಸೇರಿತ್ತು. ಬೆಳೆದದ್ದು ಹತ್ತಿರದ ಗುನ್ಸ್‌ಬಾಖ್ ಹಳ್ಳಿಯಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಹುಡುಗನಿಗೆ ಆರ್ಗನ್ ವಾದ್ಯದ ಹುಚ್ಚು. ಮುಂದೆ ಪ್ಯಾರಿಸ್‌ನಲ್ಲಿ ವಿಡೋರ್ ಎಂಬ ಪ್ರಸಿದ್ಧ ಸಂಗೀತಗಾರನ ಬಳಿ ಕಲಿತರು. ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ 1899ರಲ್ಲಿ ಡಾಕ್ಟರೇಟ್ ಪಡೆದರು. ಧರ್ಮಶಾಸ್ತ್ರದಲ್ಲೂ ಪದವಿ ಪಡೆದು ಅಲ್ಲೇ ಅಧ್ಯಾಪಕರಾದರು. 1905ರಲ್ಲಿ ಸಂಗೀತಗಾರ ಬಾಖ್ ಬಗ್ಗೆ, 1906ರಲ್ಲಿ ಚಾರಿತ್ರಿಕ ಯೇಸುವಿನ ಬಗ್ಗೆ ಅವರು ಬರೆದ ಪುಸ್ತಕಗಳನ್ನು ವಿದ್ವಾಂಸರು ಇವತ್ತಿಗೂ ಓದುತ್ತಾರೆ. ಮೂವತ್ತರ ಒಳಗೆ ಮೂರು ಕ್ಷೇತ್ರಗಳಲ್ಲಿ ಹೆಸರು! ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲೈಫ್ ಸೆಟ್ಲ್.

ಆದರೆ 21ನೇ ವಯಸ್ಸಿನಲ್ಲಿ, ರಜೆಗೆ ಊರಿಗೆ ಬಂದಿದ್ದಾಗ, ಅವರು ತಮ್ಮೊಳಗೇ ಒಂದು ಲೆಕ್ಕ ಹಾಕಿಕೊಂಡಿದ್ದರು. ಇಷ್ಟು ಸುಖವಾದ ಬಾಲ್ಯ, ಓದು, ಸಂಗೀತ ತನಗೆ ಪುಕ್ಕಟೆಯಾಗಿ ಸಿಕ್ಕಿದೆ. ಮೂವತ್ತರವರೆಗೆ ಇವುಗಳಿಗಾಗಿ ಬದುಕುವುದು, ಆಮೇಲೆ ಜನರ ನೇರ ಸೇವೆಗೆ ಇಳಿಯುವುದು. ಯಾವ ಸೇವೆ ಎಂಬುದು ಆಗ ಗೊತ್ತಿರಲಿಲ್ಲ. 1904ರಲ್ಲಿ ಪ್ಯಾರಿಸ್ ಮಿಷನ್ ಸಂಸ್ಥೆಯ ಪತ್ರಿಕೆಯೊಂದು ಮೇಜಿನ ಮೇಲೆ ಕಂಡಿತು. ಮಧ್ಯ ಆಫ್ರಿಕಾದ ಗಬಾನ್ ಪ್ರದೇಶಕ್ಕೆ ಕೆಲಸಗಾರರು ಬೇಕು ಎಂಬ ಬರಹ ಅದರಲ್ಲಿತ್ತು. ಹುಡುಕಾಟ ಅಲ್ಲಿಗೆ ಮುಗಿಯಿತು. 1905ರ ಅಕ್ಟೋಬರ್ 13ರಂದು ಪ್ಯಾರಿಸ್‌ನ ಅಂಚೆ ಡಬ್ಬಿಗೆ ಕೆಲವು ಪತ್ರ ಹಾಕಿದರು. ತಾನು ವೈದ್ಯಕೀಯ ಓದಿ ಆಫ್ರಿಕಾಕ್ಕೆ ಹೋಗುತ್ತೇನೆ ಎಂದು ತಂದೆ ತಾಯಿಗೂ ಆಪ್ತರಿಗೂ ತಿಳಿಸುವ ಪತ್ರಗಳು.

ಬಂಧುಗಳು, ಗೆಳೆಯರು ಬೈದರು. ಬುದ್ಧಿವಂತನೊಬ್ಬ ಕಾಡಿಗೆ ಹೋಗಿ ಹಾಳಾಗುತ್ತಾನೆ ಎಂದರು. ಬೋಧಿಸುತ್ತಿದ್ದ ವಿಶ್ವವಿದ್ಯಾಲಯದಲ್ಲೇ ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಯಾಗಲು ಹೋದಾಗ ಅಲ್ಲಿನ ಡೀನ್‌ಗೆ ಇವರನ್ನು ಮನೋರೋಗ ವಿಭಾಗಕ್ಕೆ ಕಳಿಸಬೇಕೆಂದೇ ಅನಿಸಿತಂತೆ.

ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಪ್ರಶ್ನೆ ಒಂದೇ. ಸೇವೆಯ ಹಂಬಲವಿದ್ದವರು ತಕ್ಷಣ ಹಡಗು ಹತ್ತಬಹುದಿತ್ತಲ್ಲ? ಉಪದೇಶಕರಾಗಿ ಹೋಗಲು ಬೇಕಾದ ಓದು ಇದ್ದೇ ಇತ್ತು. ಆದರೆ ಅಲ್ಲಿ ಬೇಕಿದ್ದದ್ದು ವೈದ್ಯ ಎಂದು ಅವರು ಕಂಡುಕೊಂಡರು. ತನ್ನಲ್ಲಿ ಇರುವುದನ್ನು ಕೊಡುವುದಕ್ಕಿಂತ ಅವರಿಗೆ ಬೇಕಾದದ್ದನ್ನು ಕಲಿತು ಹೋಗುವುದು ಸರಿ ಎನಿಸಿತು. ಅದಕ್ಕೆ ಏಳು ವರ್ಷ ಹಿಡಿಯಿತು. ಹಗಲು ಅಂಗರಚನಾಶಾಸ್ತ್ರ, ನಡುವೆ ಪಾಠ, ಭಾನುವಾರ ಚರ್ಚಿನಲ್ಲಿ ಪ್ರವಚನ, ರಾತ್ರಿ ಬರವಣಿಗೆ. ಅಂತಿಮ ಪರೀಕ್ಷೆಯ ಶುಲ್ಕವನ್ನು ಮ್ಯೂನಿಕ್‌ನ ಸಂಗೀತೋತ್ಸವದಲ್ಲಿ ಆರ್ಗನ್ ನುಡಿಸಿ ಸಂಪಾದಿಸಿದರು. ಆಮೇಲೆ ಉಷ್ಣವಲಯದ ರೋಗಗಳನ್ನು ಕಲಿಯಲು ಮತ್ತೆ ಪ್ಯಾರಿಸ್‌ಗೆ ಹೋದರು. 1912ರಲ್ಲಿ ಮದುವೆಯಾದ ಹೆಲೆನ್ ಬ್ರೆಸ್ಲೌ ಕೂಡ ಇದೇ ಕೆಲಸಕ್ಕೆಂದು ನರ್ಸಿಂಗ್ ತರಬೇತಿ ಪಡೆದಿದ್ದರು.

ಮಿಷನ್ ಸಂಸ್ಥೆಗೂ ಇವರು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಯೇಸುವಿನ ಬಗ್ಗೆ ಇವರು ಬರೆದ ಪುಸ್ತಕ ಅಲ್ಲಿನ ಹಿರಿಯರಿಗೆ ಹಿಡಿಸಿರಲಿಲ್ಲ. ಕಡೆಗೆ ಒಂದು ಷರತ್ತು. ವೈದ್ಯನಾಗಿ ಮಾತ್ರ ಬರಬೇಕು, ಉಪದೇಶ ಮಾಡಬಾರದು. ದೊಡ್ಡ ಪಂಡಿತರು ಆ ಷರತ್ತಿಗೆ ಒಪ್ಪಿಕೊಂಡರು. ಆಸ್ಪತ್ರೆಯ ಖರ್ಚನ್ನೂ ತಾವೇ ಹೊಂದಿಸುವುದಾಗಿ ಹೇಳಿದರು. ಮನೆ ಮನೆ ತಿರುಗಿ ಹಣ ಎತ್ತಿದರು.

ಕೋಳಿಗೂಡು, ಜೋಸೆಫ್ ಮತ್ತು ಖಾಲಿ ಬಾಟಲಿಗಳು

1913ರ ಮಾರ್ಚ್‌ನಲ್ಲಿ ದಂಪತಿ ಎಪ್ಪತ್ತು ಪೆಟ್ಟಿಗೆ ಸಾಮಾನಿನೊಂದಿಗೆ ಹೊರಟು, ಬೋರ್ಡೊ ಬಂದರಿನಲ್ಲಿ ಹಡಗು ಹತ್ತಿದರು. ಏಪ್ರಿಲ್ 16ರಂದು ಒಗೊವೆ ನದಿಯ ದಡದ ಲಾಂಬರೆನೆ ತಲುಪಿದರು. ಸಮಭಾಜಕ ವೃತ್ತದ ಪಕ್ಕದ ಊರು. ಸುತ್ತ ದಟ್ಟ ಕಾಡು. ರಸ್ತೆಯೇ ಇಲ್ಲ, ನದಿಯೇ ದಾರಿ.

ಬರುವ ಹೊತ್ತಿಗೆ ತಗಡಿನ ಕಟ್ಟಡವೊಂದು ಸಿದ್ಧವಾಗಿರಬೇಕಿತ್ತು. ಆಗಿರಲಿಲ್ಲ. ಮರದ ವ್ಯಾಪಾರ ಜೋರಾಗಿದ್ದರಿಂದ ಮಿಷನ್ ಕೊಡುವ ಕೂಲಿಗೆ ಆಳುಗಳು ಸಿಕ್ಕಿರಲಿಲ್ಲ. ಮೊದಲ ಮೂರು ವಾರ ತೀರಾ ತುರ್ತಿನವರು ಮಾತ್ರ ಬನ್ನಿ ಎಂದು ಸಾರಿದ್ದರೂ ರೋಗಿಗಳು ದೋಣಿಗಳಲ್ಲಿ ಬಂದೇ ಬಂದರು. ಮನೆಯ ಮುಂದೆ ಬಯಲಲ್ಲೇ ತಪಾಸಣೆ. ಸಂಜೆ ಮಳೆ ಬಂದರೆ ಔಷಧ, ಬ್ಯಾಂಡೇಜು ಎಲ್ಲವನ್ನೂ ವರಾಂಡಕ್ಕೆ ಹೊತ್ತೋಡಬೇಕು. ಆಗ ಕಣ್ಣಿಗೆ ಬಿದ್ದದ್ದು ಪಾಳುಬಿದ್ದ ಒಂದು ಕೋಳಿಗೂಡು. ಅದನ್ನು ಗುಡಿಸಿ, ಸುಣ್ಣ ಬಳಿದು, ಒಂದು ಮಂಚ, ಕೆಲವು ಹಲಗೆ ಇಟ್ಟರು. ಮಾಡಿನ ತೂತಿನಿಂದ ಬಿಸಿಲು ಬೀಳುತ್ತಿದ್ದರಿಂದ ಒಳಗೂ ಹ್ಯಾಟ್ ಹಾಕಿಕೊಂಡೇ ಕೆಲಸ. ಇದು ಲಾಂಬರೆನೆ ಆಸ್ಪತ್ರೆಯ ಮೊದಲ ಕಟ್ಟಡ.

ಅಲ್ಲಿನ ಭಾಷೆ ಅವರಿಗೆ ಬಾರದು. ನೆರವಾದವನು ಜೋಸೆಫ್ ಎಂಬ ಸ್ಥಳೀಯ. ಮೊದಲು ಅಡುಗೆ ಕೆಲಸ ಮಾಡುತ್ತಿದ್ದವನು, ಹಲವು ಭಾಷೆ ಬಲ್ಲವನು. ರೋಗಿಗೆ ಎಲ್ಲಿ ನೋವು ಎಂಬುದನ್ನು ಮಾಂಸದಂಗಡಿಯ ಭಾಷೆಯಲ್ಲಿ, ಯಾವ ತುಂಡಿನ ಭಾಗ ಎಂದು ಹೇಳಿ ತಿಳಿಸುತ್ತಿದ್ದನಂತೆ. ರೋಗಿಗಳ ಕೊರಳಿಗೆ ರಟ್ಟಿನ ಬಿಲ್ಲೆಯೊಂದನ್ನು ದಾರದಲ್ಲಿ ಕಟ್ಟಿ ಅದರಲ್ಲಿ ನಂಬರ್ ಬರೆಯುತ್ತಿದ್ದರು. ರಿಜಿಸ್ಟರಿನಲ್ಲಿ ಅದೇ ನಂಬರಿನ ಎದುರು ರೋಗ, ಔಷಧ. ಪ್ರತಿ ಬೆಳಿಗ್ಗೆ ನಿಯಮಗಳನ್ನು ಗಟ್ಟಿಯಾಗಿ ಓದಿ ಹೇಳಲಾಗುತ್ತಿತ್ತು. ಅವುಗಳಲ್ಲಿ ಒಂದು, ಔಷಧದ ಬಾಟಲಿ ಮತ್ತು ಡಬ್ಬಿ ವಾಪಸ್ ತರಬೇಕು ಎಂಬುದು. ಆ ತೇವದ ಹವೆಯಲ್ಲಿ ಕಾಗದದ ಪೊಟ್ಟಣದಲ್ಲಿ ಕಟ್ಟಿದ ಪುಡಿ ಉಳಿಯದು. ಹೀಗಾಗಿ ಖಾಲಿ ಬಾಟಲಿಗೂ ಔಷಧದಷ್ಟೇ ಬೆಲೆ. ಯುರೋಪಿನ ಗೆಳೆಯರಿಗೆ ಬರೆದ ಪತ್ರಗಳಲ್ಲಿ ಅವರು ಖಾಲಿ ಬಾಟಲಿ, ಡಬ್ಬಿ ಕಳಿಸಿ ಎಂದು ಕೇಳುತ್ತಿದ್ದರು. ಇಂಥ ಸಣ್ಣ ಅಗತ್ಯ ಅಲ್ಲಿ ಬದುಕಿದವರಿಗೆ ಮಾತ್ರ ತಿಳಿಯುತ್ತದೆ.

ಮೊದಲ ಒಂಬತ್ತು ತಿಂಗಳಲ್ಲಿ ಸುಮಾರು ಎರಡು ಸಾವಿರ ರೋಗಿಗಳನ್ನು ನೋಡಿದರು. ಮಲೇರಿಯಾ, ನಿದ್ರಾರೋಗ, ಕುಷ್ಠ, ಆಮಶಂಕೆ, ಹುಣ್ಣು, ಹರ್ನಿಯಾ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅರಿವಳಿಕೆ ಕೊಡುವವರು ಹೆಲೆನ್, ರಬ್ಬರ್ ಕೈಗವಸು ಹಾಕಿಕೊಂಡು ನೆರವಿಗೆ ನಿಲ್ಲುವವನು ಜೋಸೆಫ್.

1914ರಲ್ಲಿ ಮಹಾಯುದ್ಧ ಶುರುವಾಯಿತು. ಗಬಾನ್ ಫ್ರೆಂಚರ ವಸಾಹತು, ಇವರು ಜರ್ಮನ್ ಪ್ರಜೆಗಳು. ಹಾಗಾಗಿ ಕೆಲಕಾಲ ಗೃಹಬಂಧನ. ವೈದ್ಯರಿಲ್ಲದೆ ಜನ ಪರದಾಡಿದ ಮೇಲೆ ಕೆಲಸಕ್ಕೆ ಮತ್ತೆ ಅನುಮತಿ ಸಿಕ್ಕಿತು. 1915ರ ಸೆಪ್ಟೆಂಬರ್‌ನಲ್ಲಿ ರೋಗಿಯೊಬ್ಬರನ್ನು ನೋಡಲು ದೋಣಿಯಲ್ಲಿ ದೂರ ಹೊರಟಿದ್ದಾಗ, ಸಂಜೆ ನೀರಾನೆಗಳ ಹಿಂಡೊಂದರ ನಡುವೆ ಸಾಗುವಾಗ, ಅವರು ಬಹುದಿನದಿಂದ ಹುಡುಕುತ್ತಿದ್ದ ತತ್ವಕ್ಕೆ ಹೆಸರು ಹೊಳೆಯಿತು. ಜೀವ ಮಾತ್ರಕ್ಕೆ ಗೌರವ. ಬದುಕಬೇಕೆಂದು ಬಯಸುವ ಎಲ್ಲ ಜೀವಗಳ ನಡುವೆ ತಾನೂ ಒಂದು ಎಂಬ ಅರಿವು. ಮುಂದೆ 1935ರಲ್ಲಿ ಭಾರತೀಯ ಚಿಂತನೆಯ ಬಗ್ಗೆ ಪುಸ್ತಕ ಬರೆದಾಗ ಜೈನರ ಅಹಿಂಸೆಯನ್ನು ಮೆಚ್ಚಿದರು. ಹಿಂಸಿಸದಿದ್ದರೆ ಸಾಲದು, ಕೈಯಾರೆ ನೆರವಾಗಲೂ ಬೇಕು ಎಂಬುದು ಅವರ ವಾದವಾಗಿತ್ತು.

1917ರಲ್ಲಿ ದಂಪತಿಯನ್ನು ಕೈದಿಗಳಾಗಿ ಫ್ರಾನ್ಸ್‌ಗೆ ಸಾಗಿಸಿದರು. ಬಿಡುಗಡೆಯಾಗುವ ಹೊತ್ತಿಗೆ ಆರೋಗ್ಯ ಕೆಟ್ಟಿತ್ತು, ಆಸ್ಪತ್ರೆಗಾಗಿ ಮಾಡಿದ ಸಾಲ ಉಳಿದಿತ್ತು. ಅಪ್ಪನ ಹುಟ್ಟುಹಬ್ಬದ ದಿನವೇ, 1919ರ ಜನವರಿ 14ರಂದು, ಮಗಳು ರೇನಾ ಹುಟ್ಟಿದಳು. ಸ್ವೀಡನ್ನಿನಲ್ಲಿ ಉಪನ್ಯಾಸ, ಆರ್ಗನ್ ಕಛೇರಿ, ಪುಸ್ತಕ, ಹೀಗೆ ದುಡಿದು ಸಾಲ ತೀರಿಸಿದರು.

ವಿದ್ಯಾರ್ಥಿ ಸಹಾಯಕ ಮತ್ತು ಬಿದ್ದ ಮಾಡು

1924ರ ಏಪ್ರಿಲ್ 19ರಂದು ಶ್ವೈಟ್ಜರ್ ಮತ್ತೆ ಲಾಂಬರೆನೆಗೆ ಬಂದರು. ಹೆಲೆನ್ ಆರೋಗ್ಯದ ಕಾರಣ ಮಗಳೊಂದಿಗೆ ಯುರೋಪಿನಲ್ಲೇ ಉಳಿಯಬೇಕಾಯಿತು. ಈ ಸಲ ಜೊತೆಗಿದ್ದವನು ನೋಯೆಲ್ ಗಿಲೆಸ್ಪಿ, ಆಕ್ಸ್‌ಫರ್ಡ್‌ನ ವಿದ್ಯಾರ್ಥಿ. ಹೆಚ್ಚುಕಡಿಮೆ ನಮ್ಮ ವಯಸ್ಸಿನವನು. ಕೆಲವು ತಿಂಗಳ ಮಟ್ಟಿಗೆ ನೆರವಾಗಲು ಬಂದವನು.

ಅಲ್ಲಿ ಆಸ್ಪತ್ರೆಯೇ ಇರಲಿಲ್ಲ. ಏಳು ವರ್ಷದಲ್ಲಿ ಕಾಡು ಎಲ್ಲವನ್ನೂ ನುಂಗಿತ್ತು. ದಾರಿಯ ಮೇಲೆ ಪೊದೆ ಬೆಳೆದಿತ್ತು, ಮಾಡುಗಳು ಬಿದ್ದಿದ್ದವು. ಆ ಹುಡುಗ ಆಫ್ರಿಕಾದ ಸಾಹಸ ಕಥೆಗಳನ್ನು ಕಲ್ಪಿಸಿಕೊಂಡು ಬಂದಿದ್ದನೋ ಏನೋ, ಸಿಕ್ಕಿದ್ದು ಮಾತ್ರ ಗಾರೆ ಕೆಲಸದವನ ಬದುಕು. ಬೆಳಿಗ್ಗೆ ವೈದ್ಯ, ಮಧ್ಯಾಹ್ನ ಮೇಸ್ತ್ರಿ, ಇದು ಶ್ವೈಟ್ಜರ್ ದಿನಚರಿ. ಮಾಡಿಗೆ ಹೊದಿಸಲು ತಾಳೆಯ ಜಾತಿಯ ಮರದ ಎಲೆಗಳನ್ನು ಹೊಲಿದು ಮಾಡಿದ ಚಾಪೆ ಬೇಕು. ಅದಕ್ಕಾಗಿ ಇಬ್ಬರೂ ದೋಣಿಯಲ್ಲಿ ಹಳ್ಳಿ ಹಳ್ಳಿ ತಿರುಗಿ ಬೇಡಿದರು.

ಮೆಲ್ಲಗೆ ಇನ್ನಷ್ಟು ಜನ ಬಂದರು. ಅದೇ ವರ್ಷ ನರ್ಸ್ ಮಥಿಲ್ಡೆ ಕಾಟ್‌ಮನ್ ಮತ್ತು ವೈದ್ಯ ವಿಕ್ಟರ್ ನೆಸ್‌ಮನ್, 1925ರಲ್ಲಿ ವೈದ್ಯ ಮಾರ್ಕ್ ಲೌಟರ್‌ಬರ್ಗ್ ಮತ್ತು ಶಿಕ್ಷಕಿಯಾಗಿದ್ದ ಎಮ್ಮಾ ಹೌಸ್‌ಕ್ನೆಖ್ಟ್. ಬಂದವರಿಗೆ ಮಲಗಲು ಜಾಗ, ಕುಡಿಯಲು ಕಾಯಿಸಿದ ನೀರು, ಸೊಳ್ಳೆ ಪರದೆ, ಊಟ ಇವೆಲ್ಲವನ್ನೂ ಕಾಡಿನ ನಡುವೆ ಒದಗಿಸಬೇಕು. ಸಹಾಯಕನೇ ಜ್ವರ ಬಂದು ಮಲಗಿದರೆ ರೋಗಿಗಳ ಲೆಕ್ಕಕ್ಕೆ ಇನ್ನೊಬ್ಬ ಸೇರಿದಂತೆ. ಒಬ್ಬ ಅತಿಥಿ ಹೊರೆಯಾಗದೆ ನೆರವಾಗಬೇಕಾದರೆ ಅವನನ್ನು ಕರೆಸಿಕೊಂಡವನು ಎಷ್ಟು ಮೊದಲೇ ಯೋಚಿಸಬೇಕು ಎಂಬುದು ನನಗೆ ಹೊಳೆದದ್ದು ಈ ಪುಟಗಳಲ್ಲಿ. ನಮ್ಮ ಹೆಡ್ ಮೇಷ್ಟ್ರು ಮತ್ತೆ ನೆನಪಾದರು.

1925ರಲ್ಲಿ ಎರಡು ವಿಪತ್ತುಗಳು ಒಟ್ಟಿಗೆ ಬಂದವು. ಹಿಂದಿನ ವರ್ಷ ಬೇಸಿಗೆಯಲ್ಲೂ ಮಳೆ ಸುರಿದು, ಕಡಿದ ಕಾಡನ್ನು ಸುಟ್ಟು ಬಿತ್ತಲು ಆಗಿರಲಿಲ್ಲ. ಗಂಡಸರೆಲ್ಲ ಮರ ಕಡಿಯುವ ಕೂಲಿಗೆ ಹೋಗಿದ್ದರಿಂದ ಹೊಲಗಳೂ ಪಾಳುಬಿದ್ದವು. ಬರ ಬಂತು. ಅದರ ಬೆನ್ನಿಗೇ ಆಮಶಂಕೆಯ ಪಿಡುಗು. ಆ ರೋಗಿಗಳನ್ನು ಬೇರೆ ಇಡಲು ಮಿಷನ್ನಿನ ಇಕ್ಕಟ್ಟಾದ ಜಾಗದಲ್ಲಿ ಕೊಠಡಿ ಇರಲಿಲ್ಲ. ಬೇರೆ ರೋಗಕ್ಕೆ ಬಂದವರಿಗೂ ಆಮಶಂಕೆ ಅಂಟತೊಡಗಿತು. ಇದ್ದದ್ದಕ್ಕೆ ತೇಪೆ ಹಾಕಿದರೆ ಪ್ರಯೋಜನವಿಲ್ಲ ಎಂದು ಶ್ವೈಟ್ಜರ್ ನಿರ್ಧರಿಸಿದರು. ನದಿಯಲ್ಲಿ ಸುಮಾರು ಮೂರು ಕಿಲೋಮೀಟರ್ ಮೇಲಕ್ಕೆ ವಿಶಾಲವಾದ ಜಾಗ ಪಡೆದು, ಹೊಸ ಆಸ್ಪತ್ರೆ ಕಟ್ಟಲು ಹೊರಟರು. ಇಬ್ಬರು ಸಹವೈದ್ಯರಿಗೆ ರೋಗಿಗಳನ್ನು ಒಪ್ಪಿಸಿ ತಾವು ಕೊಡಲಿಯವರ ಜೊತೆ ಕಾಡಿಗೆ ನಡೆದರು. ಒಂದೂವರೆ ವರ್ಷ ಅದೇ ಕೆಲಸ.

ಎಂಜಿನಿಯರಿಂಗ್ ಓದುವವರು ಆ ಕಟ್ಟಡವನ್ನು ಒಮ್ಮೆ ಗಮನಿಸಬೇಕು. ಗುಡ್ಡದಿಂದ ಇಳಿವ ಮಳೆನೀರು, ಉಕ್ಕುವ ನದಿ, ಎರಡಕ್ಕೂ ಸಿಗದಂತೆ ಗಟ್ಟಿ ಮರದ ಕಂಬಗಳ ಮೇಲೆ ಕಟ್ಟಡವನ್ನು ಎತ್ತರಿಸಿದರು. ಎಲೆಯ ಮಾಡು ವರ್ಷ ವರ್ಷ ರಿಪೇರಿ ಕೇಳುತ್ತದೆಂದು ದುಬಾರಿಯಾದರೂ ಅಲೆ ತಗಡು ಹೊದಿಸಿದರು. ಕಟ್ಟಡವನ್ನು ಉದ್ದಕ್ಕೆ ಪೂರ್ವ ಪಶ್ಚಿಮವಾಗಿ ನಿಲ್ಲಿಸಿದರು. ಸಮಭಾಜಕದ ಬಳಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಸಾಗುವುದರಿಂದ ಬೆಳಿಗ್ಗೆ ಸಂಜೆಯ ಓರೆ ಬಿಸಿಲು ಗಿಡ್ಡ ಗೋಡೆಗಳಿಗಷ್ಟೇ ತಾಗುತ್ತದೆ, ಉದ್ದದ ಗೋಡೆ ತಂಪಾಗಿರುತ್ತದೆ. ತತ್ವಶಾಸ್ತ್ರದ ಡಾಕ್ಟರೇಟ್ ಇದನ್ನು ಹೇಳಿಕೊಡಲಿಲ್ಲ. ಅಲ್ಲಿ ಬೆವರು ಸುರಿಸಿ ಬದುಕಿದ ವರ್ಷಗಳು ಹೇಳಿಕೊಟ್ಟವು.

ಈ ಕೆಲಸಕ್ಕೆ ಸ್ವಿಟ್ಜರ್ಲೆಂಡಿನಿಂದ ಹಾನ್ಸ್ ಮುಗೆನ್‌ಸ್ಟರ್ಮ್ ಎಂಬ ಬಡಗಿ ಬಂದ. ಲಿಲಿಯನ್ ರಸೆಲ್ ಎಂಬ ಮಹಿಳೆ ಬಂದು ಕಾಡು ಕಡಿಯುವ, ಮರ ಸಾಗಿಸುವ ಆಳುಗಳ ಉಸ್ತುವಾರಿಯನ್ನೇ ವಹಿಸಿಕೊಂಡರು. ಆದರೆ ಹೆಚ್ಚಿನ ದುಡಿಮೆ ಹೊರಗಿನವರದಲ್ಲ. ರೋಗಿಗಳ ಜೊತೆ ಬಂದ ಗಟ್ಟಿಮುಟ್ಟಾದ ಬಂಧುಗಳು, ಗುಣವಾಗುತ್ತಿದ್ದ ರೋಗಿಗಳು ಕೊಡಲಿ ಹಿಡಿದರು, ದಿಮ್ಮಿ ಹೊತ್ತರು. ಲಾಂಬರೆನೆಯ ಆಸ್ಪತ್ರೆಯನ್ನು ಲಾಂಬರೆನೆಯ ಜನರೇ ಕಟ್ಟಿದರು ಎಂದರೆ ತಪ್ಪಿಲ್ಲ.

ಇದೇ ಕಾಲದ ಒಂದು ಪ್ರಸಂಗವನ್ನು ಶ್ವೈಟ್ಜರ್ ತಾವೇ ಬರೆದಿದ್ದಾರೆ. ರೋಗಿಯೊಬ್ಬನನ್ನು ನೋಡಲು ಬಂದ, ಬಿಳಿ ಉಡುಪು ತೊಟ್ಟ ಸ್ಥಳೀಯ ಯುವಕನೊಬ್ಬ ಪಕ್ಕದಲ್ಲಿ ಕೂತಿದ್ದ. ತೊಲೆ ಎತ್ತಲು ಒಂದು ಕೈ ಹಾಕುತ್ತೀಯಾ ಎಂದು ಇವರು ಕರೆದರು. ತಾನು ಓದಿದವನು, ಇಂಥ ಕೆಲಸ ಮಾಡುವುದಿಲ್ಲ ಎಂದನಂತೆ ಆತ. ನೀನು ಅದೃಷ್ಟವಂತ, ನಾನೂ ಓದಿದವನಾಗಬೇಕೆಂದು ಹೊರಟಿದ್ದೆ, ಆಗಲಿಲ್ಲ ಎಂದು ಹೇಳಿ ಇವರು ತೊಲೆಗೆ ಹೆಗಲು ಕೊಟ್ಟರಂತೆ. ಓದಿ ನಕ್ಕೆ. ಆಮೇಲೆ ಶಿಬಿರದಲ್ಲಿ ಚರಂಡಿ ಸ್ವಚ್ಛತೆಯ ಸರದಿ ಬಂದಾಗ ನಮ್ಮಲ್ಲಿ ಎಷ್ಟು ಜನ ಫೋನ್ ಹಿಡಿದು ಪಕ್ಕಕ್ಕೆ ಸರಿದಿದ್ದೆವು ಎಂಬುದು ನೆನಪಾಗಿ ನಗು ನಿಂತಿತು.

1927ರ ಜನವರಿ 21ರಂದು ರೋಗಿಗಳನ್ನು ದೋಣಿಗಳಲ್ಲಿ ಹೊಸ ಆಸ್ಪತ್ರೆಗೆ ಸಾಗಿಸಿದರು. ಇನ್ನೂರು ರೋಗಿಗಳಿಗೂ ಅವರ ಜೊತೆಯವರಿಗೂ ಜಾಗವಿತ್ತು. ಅದು ಆಸ್ಪತ್ರೆಗಿಂತ ಹಳ್ಳಿಯಂತಿತ್ತು. ಮನೆಯವರು ಜೊತೆಗೇ ಇದ್ದು ಅಡುಗೆ ಮಾಡುತ್ತಿದ್ದರು, ಆಡು, ಕೋಳಿ ಅಡ್ಡಾಡುತ್ತಿದ್ದವು. ಅಪರಿಚಿತರು ಬೇಯಿಸಿದ ಅನ್ನ ತಿನ್ನಲು ಅಂಜುವ ರೋಗಿಗಳು ಅಲ್ಲಿ ನಿಶ್ಚಿಂತೆಯಿಂದ ಇರುತ್ತಿದ್ದರು. ಸುತ್ತ ಹಣ್ಣಿನ ಮರಗಳನ್ನೂ ನೆಟ್ಟರು. ಯಾರು ಬೇಕಾದರೂ ಕಿತ್ತು ತಿನ್ನುವಷ್ಟು ಹಣ್ಣಾದರೆ ಕಳ್ಳತನ ಎಂಬ ಮಾತೇ ಉಳಿಯುವುದಿಲ್ಲ ಎಂಬುದು ಅವರ ಲೆಕ್ಕ.

ಅಣ್ಣನಾಗಿಯೇ ಉಳಿದವರು

ಇಲ್ಲಿಗೆ ನಿಲ್ಲಿಸಿದರೆ ಇದು ಬರಿ ಹೊಗಳಿಕೆಯಾದೀತು. ಯುದ್ಧದ ದಿನಗಳಲ್ಲಿ ಹಣ ಸಾಲದಾದಾಗ ಶ್ವೈಟ್ಜರ್ ಜೋಸೆಫ್‌ನ ಸಂಬಳವನ್ನು 70 ಫ್ರಾಂಕಿನಿಂದ 35ಕ್ಕೆ ಇಳಿಸಬೇಕಾಯಿತು. ಅಷ್ಟಕ್ಕೆ ದುಡಿಯುವುದು ತನ್ನ ಘನತೆಗೆ ಸಲ್ಲದು ಎಂದು ಜೋಸೆಫ್ ಬಿಟ್ಟುಹೋದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಪುಕ್ಕಟೆ ಸೇವೆ ಮಾಡಲು ಬೆನ್ನ ಹಿಂದೆ ಮನೆ, ಪದವಿ, ಹಡಗಿನ ವಾಪಸ್ ಟಿಕೆಟು ಇರಬೇಕು. ಸ್ಥಳೀಯನಿಗೆ ಅದು ಸೇವೆಯಲ್ಲ, ಹೊಟ್ಟೆಪಾಡು. ಹೊರಗಿನಿಂದ ಬಂದವರ ಹೆಸರು ಪುಸ್ತಕಗಳಲ್ಲಿ ಉಳಿಯುತ್ತದೆ, ದಿಮ್ಮಿ ಹೊತ್ತವರ ಹೆಸರು ಉಳಿಯುವುದಿಲ್ಲ.

ಇನ್ನೂ ದೊಡ್ಡ ಆಕ್ಷೇಪ ಒಂದಿದೆ. ಆಫ್ರಿಕನ್ನರು ತಮ್ಮ ಸೋದರರು ನಿಜ, ಆದರೆ ತಾವು ಅಣ್ಣ, ಅವರು ತಮ್ಮಂದಿರು ಎಂಬ ಭಾವ ಶ್ವೈಟ್ಜರ್ ಬರಹದಲ್ಲಿತ್ತು. ಅರ್ಧ ಶತಮಾನದಲ್ಲಿ ಆಸ್ಪತ್ರೆಯ ಹೊಣೆ ಹೊರಬಲ್ಲ ಸ್ಥಳೀಯ ವೈದ್ಯರನ್ನು ಅವರು ಬೆಳೆಸಲಿಲ್ಲ. 1960ರಲ್ಲಿ ಗಬಾನ್ ಸ್ವತಂತ್ರವಾದಾಗಲೂ ಆಸ್ಪತ್ರೆ ಹಳೆಯ ರೀತಿಯಲ್ಲೇ ನಡೆಯುತ್ತಿತ್ತು. ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚೆಬೆ 1975ರ ಉಪನ್ಯಾಸವೊಂದರಲ್ಲಿ, ಎಂದಿಗೂ ತಮ್ಮನಾಗಿಯೇ ಇರಬೇಕಾದ ಈ ಬಗೆಯ ಸೋದರತ್ವವನ್ನು ಖಂಡಿಸಿದರು. ನನಗೆ ಆ ಮಾತು ಸರಿ ಎನಿಸುತ್ತದೆ. ಆತಿಥೇಯನಾಗುತ್ತಾ ಆಗುತ್ತಾ ಶ್ವೈಟ್ಜರ್, ಆ ನೆಲದಲ್ಲಿ ತಾವೂ ಅತಿಥಿಯೇ ಎಂಬುದನ್ನು ಸ್ವಲ್ಪ ಮರೆತಿದ್ದರು. ಅದಕ್ಕಾಗಿ ಅವರು ಉಳಿಸಿದ ಜೀವಗಳ ಲೆಕ್ಕ ಸುಳ್ಳಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಅವರನ್ನು ಓದಬೇಕು.

ಬಂದವರೆಲ್ಲ ಏನು ಹೊತ್ತು ಹೋದರು?

1952ನೇ ಸಾಲಿನ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅದರ ಹಣವನ್ನು ಕುಷ್ಠರೋಗಿಗಳ ವಸತಿ ಕಟ್ಟಲು ಬಳಸಿದರು. ಎಂಬತ್ತರ ಹರೆಯದಲ್ಲೂ ಆ ಕಟ್ಟಡದ ಉಸ್ತುವಾರಿ ತಾವೇ. 1957ರಲ್ಲಿ ಓಸ್ಲೋ ರೇಡಿಯೊ ಮೂಲಕ ಅಣ್ವಸ್ತ್ರ ಪರೀಕ್ಷೆ ನಿಲ್ಲಿಸಿ ಎಂದು ಜಗತ್ತಿಗೆ ಮನವಿ ಮಾಡಿದರು. ಅದೇ ವರ್ಷ ಹೆಲೆನ್ ತೀರಿಕೊಂಡರು.

ಪ್ರಸಿದ್ಧಿ ಹೆಚ್ಚಿದಂತೆ ಲಾಂಬರೆನೆಗೆ ಬರುವವರ ಸಂಖ್ಯೆಯೂ ಬೆಳೆಯಿತು. ಪತ್ರಕರ್ತರು, ಶ್ರೀಮಂತರು, ವಿದ್ಯಾರ್ಥಿಗಳು. ಬಂದವರು ಬಿಸಿಲಿಗೆ ಟೊಪ್ಪಿಗೆ ಹಾಕಲೇಬೇಕು. ಕೆಲಸಕ್ಕೆಂದು ಬಂದವರಿಗೆ ಕೆಲಸ ಕಾದಿರುತ್ತಿತ್ತು. ರಾತ್ರಿ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಒಂದೇ ಉದ್ದನೆಯ ಮೇಜಿಗೆ ಎಲ್ಲರೂ ಊಟಕ್ಕೆ ಕೂರುತ್ತಿದ್ದರು. ಊಟದ ನಂತರ ಮುದುಕ ವೈದ್ಯರು ಹಳೆಯ ಪಿಯಾನೊದ ಮುಂದೆ ಕೂತು ನುಡಿಸುತ್ತಿದ್ದರು.

ಇವರ ಬಗ್ಗೆ ಓದಿ ಬದುಕು ಬದಲಿಸಿಕೊಂಡವರಲ್ಲಿ ನನಗೆ ಇಷ್ಟವಾದವರು ಅಮೆರಿಕದ ಲ್ಯಾರಿಮರ್ ಮೆಲನ್. ಭಾರೀ ಸಿರಿವಂತ ಮನೆತನದವರು, ಹುಲ್ಲುಗಾವಲಿನಲ್ಲಿ ದನ ಸಾಕಿಕೊಂಡಿದ್ದವರು. 1947ರಲ್ಲಿ ಪತ್ರಿಕೆಯೊಂದರಲ್ಲಿ ಶ್ವೈಟ್ಜರ್ ಬಗ್ಗೆ ಓದಿ ಅವರಿಗೆ ಪತ್ರ ಬರೆದರು. ಉತ್ತರ ಬಂತು. ನಲವತ್ತರ ಹತ್ತಿರದ ವಯಸ್ಸಿನಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದರು. 1956ರಲ್ಲಿ ಹೆಂಡತಿ ಗ್ವೆನ್ ಜೊತೆ ಹೈಟಿ ದೇಶದ ಡೆಶಾಪೆಲ್ ಎಂಬಲ್ಲಿ ಆಸ್ಪತ್ರೆ ತೆರೆದು, ಅದಕ್ಕೆ ಶ್ವೈಟ್ಜರ್ ಹೆಸರಿಟ್ಟರು. ಲಾಂಬರೆನೆಗೆ ಹೋಗಿ ಫೋಟೊ ತೆಗೆಸಿಕೊಳ್ಳುವ ಬದಲು, ಬೇಕಾದ ವಿದ್ಯೆ ಕಲಿತು, ಬೇಕಾದ ಜಾಗ ಹುಡುಕಿಕೊಂಡು ಹೋಗಿ, ಅಲ್ಲೇ ಬೇರೂರಿದರು.

ಶ್ವೈಟ್ಜರ್ 1965ರ ಸೆಪ್ಟೆಂಬರ್ 4ರಂದು, ತೊಂಬತ್ತನೇ ವಯಸ್ಸಿನಲ್ಲಿ, ಲಾಂಬರೆನೆಯಲ್ಲೇ ತೀರಿಕೊಂಡರು. ಒಗೊವೆ ನದಿಯ ದಡದಲ್ಲಿ ಅವರ ಸಮಾಧಿಯಿದೆ. ಮಗಳು ರೇನಾ ಕೆಲಕಾಲ ಆಸ್ಪತ್ರೆಯ ಆಡಳಿತ ನೋಡಿಕೊಂಡರು. 1981ರಲ್ಲಿ ಪಕ್ಕದಲ್ಲೇ ಹೊಸ ಆಸ್ಪತ್ರೆ ತೆರೆಯಿತು. ಇಂದು ಅಲ್ಲಿ ಮಲೇರಿಯಾ ಕುರಿತ ಸಂಶೋಧನೆಯೂ ನಡೆಯುತ್ತದೆ.

ಗೆಳೆಯರೇ, ಪ್ಲೇಸ್‌ಮೆಂಟ್, ಸರ್ಕಾರಿ ಕೆಲಸದ ಅರ್ಜಿ, ಸ್ಪರ್ಧಾತ್ಮಕ ಪರೀಕ್ಷೆ ಇವುಗಳ ನಡುವೆ ನಾವ್ಯಾರೂ ಆಫ್ರಿಕಾಕ್ಕೆ ಹೊರಡಬೇಕಿಲ್ಲ. ಏಳು ದಿನದ ಶಿಬಿರ ನಿಷ್ಪ್ರಯೋಜಕ ಎಂದೂ ನಾನು ಹೇಳುತ್ತಿಲ್ಲ. ಗಿಲೆಸ್ಪಿ ಇದ್ದದ್ದೂ ಕೆಲವೇ ತಿಂಗಳು. ಆದರೆ ಅವನು ತನಗಿಷ್ಟದ ಕೆಲಸ ಆರಿಸಿಕೊಳ್ಳಲಿಲ್ಲ. ಮಾಡು ಬಿದ್ದಿತ್ತು, ಮಾಡು ಕಟ್ಟಿದ.

ಈ ವರ್ಷವೂ ಶಿಬಿರವಿದೆ. ಹೋದ ವಾರ ನಾವು ಮೂವರು ಮುಂಚಿತವಾಗಿ ಅದೇ ಶಾಲೆಗೆ ಹೋಗಿ, ಹೆಡ್ ಮೇಷ್ಟ್ರಲ್ಲಿ ಗೋಡೆಯ ವಿಷಯಕ್ಕೆ ಕ್ಷಮೆ ಕೇಳಿ, ಈ ಸಲ ನಿಮಗೆ ಏನು ಬೇಕು ಎಂದು ವಿಚಾರಿಸಿದೆವು. ಅವರು ಏಣಿ ತರಿಸಿ ನಮ್ಮನ್ನು ತಾರಸಿಗೆ ಹತ್ತಿಸಿದರು. ನೀರು ಹೋಗುವ ಪೈಪಿನ ಬಾಯಿ ಹೊಂಗೆ ಎಲೆಗಳಿಂದ ಕಟ್ಟಿಕೊಂಡಿತ್ತು. ಪಕ್ಕದಲ್ಲಿ ಗಾರೆ ಬಿರುಕು ಬಿಟ್ಟಿತ್ತು, ಇಳಿಜಾರು ತಪ್ಪಿ ನೀರು ಅಲ್ಲೇ ನಿಲ್ಲುತ್ತಿತ್ತು. ಇದೆಲ್ಲ ಅವರಿಗೆ ಹೋದ ವರ್ಷವೇ ಗೊತ್ತಿತ್ತು. ಅಷ್ಟು ಉತ್ಸಾಹದಿಂದ ಬಣ್ಣ ಹಿಡಿದು ಬಂದ ಮಕ್ಕಳಿಗೆ ಬೇಡ ಎನ್ನಲು ಮನಸ್ಸು ಬರಲಿಲ್ಲವಂತೆ.

ಈ ಸಲ ನಲವತ್ತರ ಬದಲು ಹನ್ನೆರಡು ಜನ ಹೋಗುತ್ತಿದ್ದೇವೆ. ಕೊಠಡಿ ಕೇಳಿಲ್ಲ, ರಾತ್ರಿ ವರಾಂಡದಲ್ಲಿ ಮಲಗುತ್ತೇವೆ. ಅಡುಗೆ ನಮ್ಮದೇ. ಸಿಮೆಂಟು, ಮರಳು, ಹೊಸ ಪೈಪಿನ ಲೆಕ್ಕ ಹಾಕಿದ್ದೇವೆ. ಬಣ್ಣದ ಡಬ್ಬಿಯನ್ನು ಪಟ್ಟಿಯಲ್ಲಿ ಸೇರಿಸಿಲ್ಲ. ಮುಂದಿನ ಮಳೆಗಾಲ ಕಳೆದ ಮೇಲೆ, ಗೋಡೆ ಒಣಗಿದ್ದರೆ, ಮಕ್ಕಳ ಜೊತೆ ಕೂತು ನಕ್ಷೆಯ ದಕ್ಷಿಣ ಭಾಗವನ್ನು ಮತ್ತೆ ಬರೆಯಬೇಕು.